ಸ್ಪೋರ್ಟ್ಸ್ ಕಾರಿನ ವೇಗ ಎಲ್ಲಿದೆ?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಇಂಥ ಸಮಾರಂಭಗಳಲ್ಲಿ ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡುವುದು ವಾಡಿಕೆ. ಆದರೆ ಇಂದು ನಾನು ಕಾರಿನ ಬಗ್ಗೆ ಮಾತನಾಡಲು ನಿಮ್ಮ ಅನುಮತಿ ಕೇಳುತ್ತೇನೆ. ಅದೂ ನಮ್ಮ ರಾಯಬಾಗದ ರಸ್ತೆಗಳಲ್ಲಿ ಅಪರೂಪಕ್ಕೂ ಕಾಣಸಿಗದ ಸ್ಪೋರ್ಟ್ಸ್ ಕಾರಿನ ಬಗ್ಗೆ. ಹಿರಿಯರು ಬೇಸರಿಸಬಾರದು. ಇಲ್ಲಿ ಕುಳಿತ ಹುಡುಗರ ಮೊಬೈಲ್ ತೆಗೆದು ನೋಡಿದರೆ ಫೆರಾರಿ, ಲ್ಯಾಂಬೋರ್ಗಿನಿ, ಬುಗಾಟಿಗಳ ಚಿತ್ರಗಳು ಸಿಗುತ್ತವೆ. ಆ ಆಸೆಯನ್ನು ಬೈದು ಬಾಯಿ ಮುಚ್ಚಿಸಬಹುದು. ಆದರೆ ಅದೇ ಆಸೆಯ ಕೈ ಹಿಡಿದು ಹುಡುಗನನ್ನು ಭೌತಶಾಸ್ತ್ರದ ಬಾಗಿಲಿಗೆ ಕರೆತರುವುದು ಹೆಚ್ಚು ಲಾಭದ ಕೆಲಸವೆಂದು ನನ್ನ ಅಭಿಪ್ರಾಯ.

ಈ ಕಾರುಗಳು ಅಷ್ಟು ವೇಗವಾಗಿ ಹೋಗುವುದೇಕೆ ಎಂದು ಕೇಳಿದರೆ, "ಇಂಜಿನ್ ದೊಡ್ಡದು ಸರ್" ಎಂಬ ಉತ್ತರ ತಕ್ಷಣ ಬರುತ್ತದೆ. ಅದು ಅರ್ಧ ಉತ್ತರ. ಉಳಿದ ಅರ್ಧವನ್ನು ಹುಡುಕುವುದೇ ಇಂದಿನ ನಮ್ಮ ಕೆಲಸ.

ಮೊದಲು ಇಂಜಿನ್ನನ್ನೇ ನೋಡೋಣ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳ ಮೇಲೆ ಟ್ರ್ಯಾಕ್ಟರುಗಳ ಸಾಲು ಇರುತ್ತದೆ. 45ರಿಂದ 50 ಅಶ್ವಶಕ್ತಿಯ ಒಂದು ಟ್ರ್ಯಾಕ್ಟರ್ ಎರಡು ಟ್ರೇಲರ್ ತುಂಬ ಕಬ್ಬನ್ನು ಜಗ್ಗಿಕೊಂಡು ಕಾರ್ಖಾನೆಗೆ ಹೋಗುತ್ತದೆ. ಮಾರುತಿ ಆಲ್ಟೊ 800 ಕಾರಿನ ಶಕ್ತಿಯೂ ಹೆಚ್ಚು ಕಡಿಮೆ ಅಷ್ಟೇ, ಸುಮಾರು 48 ಅಶ್ವಶಕ್ತಿ. ಆದರೆ ಆಲ್ಟೊಗೆ ಆ ಟ್ರೇಲರುಗಳನ್ನು ಕಟ್ಟಿದರೆ ಅದು ಇದ್ದಲ್ಲಿಂದ ಅಲುಗಾಡಲಾರದು. ಟ್ರ್ಯಾಕ್ಟರನ್ನು ಹೆದ್ದಾರಿಗೆ ಬಿಟ್ಟರೆ ಅದು ಆಲ್ಟೊದ ಹಿಂದೆ ಓಡಲಾರದು. ಶಕ್ತಿ ಒಂದೇ, ಫಲ ಬೇರೆ. ಇದು ಹೇಗೆ?

ಶಕ್ತಿ ಎಂದರೆ ತಿರುಗಿಸುವ ಬಲ ಮತ್ತು ತಿರುಗುವ ವೇಗ ಇವೆರಡರ ಗುಣಲಬ್ಧ. ತಿರುಗಿಸುವ ಬಲವನ್ನು ಟಾರ್ಕ್ ಎನ್ನುತ್ತೇವೆ. ಟ್ರ್ಯಾಕ್ಟರಿನ ಇಂಜಿನ್ ನಿಮಿಷಕ್ಕೆ ಸುಮಾರು 2000 ಸುತ್ತು ತಿರುಗುತ್ತದೆ, ಆದರೆ ಪ್ರತಿ ಸುತ್ತಿನಲ್ಲೂ ಬಲ ಹೆಚ್ಚು. ಗಿಯರುಗಳು ಆ ಬಲವನ್ನು ಮತ್ತಷ್ಟು ಹೆಚ್ಚಿಸಿ ಗಾಲಿಗೆ ಕೊಡುತ್ತವೆ, ವೇಗವನ್ನು ಕಡಿಮೆ ಮಾಡುತ್ತವೆ. ಸ್ಪೋರ್ಟ್ಸ್ ಕಾರಿನ ಇಂಜಿನ್ನಿನದು ತದ್ವಿರುದ್ಧ ದಾರಿ. ಗಾರ್ಡನ್ ಮರ್ರಿ ಎಂಬ ವಿನ್ಯಾಸಕಾರ 2020ರಲ್ಲಿ ಪರಿಚಯಿಸಿದ ಟಿ.50 ಎಂಬ ಕಾರಿನ ಇಂಜಿನ್ ನಿಮಿಷಕ್ಕೆ 12,100 ಸುತ್ತು ತಿರುಗಬಲ್ಲದು. ಅಂದರೆ ಸೆಕೆಂಡಿಗೆ 200 ಸುತ್ತು. ನೀವು ಒಮ್ಮೆ ಕಣ್ಣು ಪಿಳುಕಿಸುವಷ್ಟರಲ್ಲಿ ಅದರ ಪಿಸ್ಟನ್ನುಗಳು ಹತ್ತಾರು ಬಾರಿ ಮೇಲೆ ಕೆಳಗೆ ಓಡಾಡಿರುತ್ತವೆ.

ಇಂಥ ಇಂಜಿನ್ನಿನ ಹಸಿವು ಪೆಟ್ರೋಲಿಗಿಂತ ಹೆಚ್ಚಾಗಿ ಗಾಳಿಗೆ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಕಮ್ಮಾರನು ತಿದಿ ಒತ್ತಿದಾಗ ಒಲೆಯ ಬೆಂಕಿ ಜೋರಾಗುವುದನ್ನು ನೋಡಿದ್ದೀರಿ. ಟರ್ಬೋ ಎಂಬುದು ಅಂಥದೇ ಒಂದು ತಿದಿ. ಹೊರಹೋಗುವ ಹೊಗೆಯ ರಭಸದಿಂದಲೇ ಅದು ತಿರುಗಿ, ಹೊಸ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಆದರೆ ಹೆಚ್ಚು ಒತ್ತಿದಾಗ ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಇಂಧನ ತಾನಾಗಿ ಹೊತ್ತಿಕೊಳ್ಳುವ ಅಪಾಯವಿದೆ. ಇಂಜಿನ್ "ನಾಕ್" ಹೊಡೆಯುತ್ತದೆ ಎಂದು ಗ್ಯಾರೇಜಿನವರು ಹೇಳುವುದು ಇದಕ್ಕೇ. ಈ ತೊಂದರೆಯನ್ನು ತಡೆದುಕೊಳ್ಳುವ ಗುಣ ಎಥೆನಾಲಿನಲ್ಲಿ ಹೆಚ್ಚಾಗಿದೆ. ನಮ್ಮ ಜಿಲ್ಲೆಯ ಹಲವು ಸಕ್ಕರೆ ಕಾರ್ಖಾನೆಗಳು ಎಥೆನಾಲ್ ತಯಾರಿಸುತ್ತವೆ. ಅಮೆರಿಕದ ಇಂಡಿಕಾರ್ ರೇಸುಗಳಲ್ಲಿ 2023ರಿಂದ ಕಾರುಗಳು ಕಬ್ಬಿನ ತ್ಯಾಜ್ಯದಿಂದ ತಯಾರಿಸಿದ ಎಥೆನಾಲಿನ ಮೇಲೆ ಓಡುತ್ತಿವೆ. ನಾವು ಹೊಲದಲ್ಲಿ ಬೆಂಕಿ ಹಚ್ಚುವ ರವದಿಗೂ ಆ ಕಾರಿನ ಟ್ಯಾಂಕಿಗೂ ಸಂಬಂಧವಿದೆ ಎಂದರೆ ನಂಬುತ್ತೀರಾ? ನಡುವೆ ಇರುವುದು ರಸಾಯನಶಾಸ್ತ್ರ ಮಾತ್ರ.

ಹಾಗಾದರೆ ಇಂಜಿನ್ನಿನ ಶಕ್ತಿ ಹೆಚ್ಚಿಸುತ್ತಾ ಹೋದರೆ ವೇಗವೂ ಹೆಚ್ಚುತ್ತಾ ಹೋಗಬೇಕಲ್ಲವೇ? ಇಲ್ಲಿಯೇ ಗಾಳಿ ಅಡ್ಡ ನಿಲ್ಲುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು ಆಗುತ್ತದೆ. ಆ ತಡೆಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟು ಪಟ್ಟು. ಒಂದು ಉದಾಹರಣೆ ಕೊಡುತ್ತೇನೆ. ಇದೇ ಗಾರ್ಡನ್ ಮರ್ರಿ 1990ರ ದಶಕದಲ್ಲಿ ರೂಪಿಸಿದ ಮೆಕ್‌ಲಾರೆನ್ ಎಫ್1 ಎಂಬ ಕಾರು 627 ಅಶ್ವಶಕ್ತಿಯ ಇಂಜಿನ್ನಿನಿಂದ 1998ರಲ್ಲಿ ಗಂಟೆಗೆ ಸುಮಾರು 386 ಕಿಲೋಮೀಟರ್ ವೇಗ ಮುಟ್ಟಿತು. 2005ರಲ್ಲಿ ಬಂದ ಬುಗಾಟಿ ವೇರಾನ್ ಕಾರಿಗೆ 16 ಸಿಲಿಂಡರ್, ನಾಲ್ಕು ಟರ್ಬೋ, 1001 ಅಶ್ವಶಕ್ತಿ. ಅದು ಮುಟ್ಟಿದ್ದು 407 ಕಿಲೋಮೀಟರ್. ಲೆಕ್ಕ ಹಾಕಿ ನೋಡಿ. 374 ಅಶ್ವಶಕ್ತಿ ಹೆಚ್ಚಿಗೆ ಹಾಕಿದ್ದಕ್ಕೆ ಸಿಕ್ಕ ಲಾಭ ಗಂಟೆಗೆ 21 ಕಿಲೋಮೀಟರ್ ಮಾತ್ರ! ವೇರಾನ್ ಹೆಚ್ಚು ಅಗಲವಾದ, ಹೆಚ್ಚು ಭಾರದ ಕಾರು ಎಂಬುದೂ ಇದರಲ್ಲಿ ಸೇರಿದೆ. ಆದರೂ ಪಾಠ ಸ್ಪಷ್ಟ. ಬರೀ ಶಕ್ತಿಯಿಂದ ವೇಗ ಖರೀದಿಸಲು ಹೋದರೆ ಬೆಲೆ ಬಹಳ ದುಬಾರಿ.

ಈ ಮಾತು ನಮ್ಮ ಭಾಗದ ರೈತರಿಗೆ ಹೊಸದಲ್ಲ. ಜಾತ್ರೆಯಲ್ಲಿ ಗಾಡಿ ಶರ್ಯತ್ತು ನಡೆದಾಗ ಹೊಲಕ್ಕೆ ಹೋಗುವ ಗಾಡಿಯನ್ನು ಯಾರೂ ಹೂಡುವುದಿಲ್ಲ. ಹಗುರವಾದ ಬೇರೆ ಗಾಡಿಯನ್ನೇ ತರುತ್ತಾರೆ. ಎತ್ತಿನ ಶಕ್ತಿ ಹೆಚ್ಚಿಸುವುದು ಕಷ್ಟ, ಗಾಡಿಯ ಭಾರ ಇಳಿಸುವುದು ಸುಲಭ ಎಂಬುದು ಅವರಿಗೆ ಗೊತ್ತು. ಕಾರಿನ ಜಗತ್ತಿನಲ್ಲಿ ಇದಕ್ಕೆ ನಮ್ಮ ಕರ್ನಾಟಕದ್ದೇ ಒಂದು ಸಾಕ್ಷಿ ಇದೆ. 1982ರಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಇಂಜಿನ್ 848 ಸಿಸಿ, ಬಾಗಿಲು ಎರಡೇ, ಬಾಡಿ ತಗಡಿನದಲ್ಲ, ಫೈಬರ್‌ಗ್ಲಾಸಿನದು. ಆಗ ನಮ್ಮ ರಸ್ತೆಗಳನ್ನು ಆಳುತ್ತಿದ್ದ ಅಂಬಾಸಿಡರ್ ಕಾರಿನ ತೂಕ ಒಂದು ಟನ್ನಿಗೂ ಹೆಚ್ಚು. ಡಾಲ್ಫಿನ್ ಅದರ ಮುಂದೆ ಮರಿ ಇದ್ದಂತೆ. ಸಂಸಾರಸ್ಥರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಅದರ ವ್ಯಾಪಾರ ಕುಗ್ಗಿತು. ಆದರೆ ರೇಸು ಮತ್ತು ರ‍್ಯಾಲಿಗಳಿಗೆ ಹೋಗುವವರು ಡಾಲ್ಫಿನ್ ಕಾರನ್ನು ಹುಡುಕಿಕೊಂಡು ಹೋಗಿ ಕೊಂಡರು. ಕಾರಣ ಅದರ ಹಗುರತನ. ಹಗುರವಾದ ಕಾರು ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ, ಬೇಗ ತಿರುಗುತ್ತದೆ. ಇಂಜಿನ್ ದೊಡ್ಡದು ಮಾಡಿದರೆ ಮೊದಲನೆಯ ಲಾಭವೊಂದೇ ಸಿಗುತ್ತದೆ.

ವಿದ್ಯಾರ್ಥಿಗಳೇ, ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ಸ್ಪೋರ್ಟ್ಸ್ ಕಾರು ನಿಂತಲ್ಲಿಂದ 100 ಕಿಲೋಮೀಟರ್ ವೇಗಕ್ಕೆ 3 ಸೆಕೆಂಡಿನಲ್ಲಿ ಹೋಗುತ್ತದೆ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 27.8 ಮೀಟರ್. ಇದನ್ನು 3ರಿಂದ ಭಾಗಿಸಿ. 9.3 ಬರುತ್ತದೆ. ಈ ಸಂಖ್ಯೆಯನ್ನು ಎಲ್ಲೋ ನೋಡಿದಂತಿದೆಯಲ್ಲವೇ? ಗುರುತ್ವಾಕರ್ಷಣೆಯ ವೇಗೋತ್ಕರ್ಷ 9.8. ಅಂದರೆ ಮರದಿಂದ ಮಾವಿನಕಾಯಿ ಕೆಳಗೆ ಬೀಳುವಷ್ಟೇ ರಭಸದಿಂದ ಆ ಕಾರು ಮುಂದಕ್ಕೆ "ಬೀಳುತ್ತದೆ". ಒಳಗೆ ಕುಳಿತವನ ಬೆನ್ನನ್ನು ಸೀಟು ಹೆಚ್ಚು ಕಡಿಮೆ ಅವನ ಸ್ವಂತ ತೂಕದಷ್ಟು ಬಲದಿಂದ ನೂಕುತ್ತದೆ.

ಈ ಬಲ ಎಲ್ಲಿಂದ ಬಂತು? ಇಂಜಿನ್ ಗಾಲಿಯನ್ನು ತಿರುಗಿಸಬಹುದು, ಅಷ್ಟೇ. ಕಾರನ್ನು ಮುಂದಕ್ಕೆ ನೂಕುವುದು ರಸ್ತೆ, ಅದೂ ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಯ ಮೂಲಕ. ಮಳೆಗಾಲದಲ್ಲಿ ಕೆಸರಿನಲ್ಲಿ ಸಿಕ್ಕ ಟ್ರ್ಯಾಕ್ಟರಿನ ಗಾಲಿ ಗರಗರ ತಿರುಗಿದರೂ ಗಾಡಿ ಅಲ್ಲೇ ಇರುತ್ತದೆ. ಅಲ್ಲಿ ಶಕ್ತಿಗೆ ಕೊರತೆ ಇಲ್ಲ, ಹಿಡಿತಕ್ಕೆ ಕೊರತೆ. ಕೋಟಿಗಟ್ಟಲೆ ಬೆಲೆಯ ಕಾರು ಕೂಡ ನೆಲವನ್ನು ಮುಟ್ಟುವುದು ನಾಲ್ಕೇ ಜಾಗಗಳಲ್ಲಿ. ಒಂದೊಂದು ಜಾಗವೂ ಒಂದೆರಡು ಅಂಗೈಯಷ್ಟು. ಓಡುವುದು, ನಿಲ್ಲುವುದು, ತಿರುಗುವುದು, ಎಲ್ಲ ವ್ಯವಹಾರವೂ ಆ ನಾಲ್ಕು ತುಂಡು ರಬ್ಬರಿನ ಮೇಲೆ ನಡೆಯಬೇಕು.

ಜಾಣ ವಿದ್ಯಾರ್ಥಿಯೊಬ್ಬ ಇಲ್ಲಿ ಕೈ ಎತ್ತಬಹುದು. "ಸರ್, ಘರ್ಷಣೆಯು ಸ್ಪರ್ಶದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಪುಸ್ತಕದಲ್ಲಿದೆ. ಹಾಗಾದರೆ ಆ ಕಾರುಗಳಿಗೆ ಅಷ್ಟು ಅಗಲದ ಟೈರು ಏಕೆ?" ಒಳ್ಳೆಯ ಪ್ರಶ್ನೆ. ಪುಸ್ತಕದ ನಿಯಮ ಗಟ್ಟಿ ವಸ್ತುಗಳಿಗೆ ಸರಿಹೊಂದುತ್ತದೆ. ರಬ್ಬರು ಮೆತ್ತಗಿದ್ದು ರಸ್ತೆಯ ಸಣ್ಣ ಸಣ್ಣ ಉಬ್ಬು ತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ. ಅದರ ಮೇಲೆ ಒತ್ತಡ ಹೆಚ್ಚಾದಂತೆ ಹಿಡಿತದ ಪ್ರಮಾಣ ಕುಗ್ಗುತ್ತದೆ. ಟೈರು ಅಗಲವಾದರೆ ಒತ್ತಡ ಹಂಚಿಹೋಗುತ್ತದೆ, ಬಿಸಿಯೂ ಹಂಚಿಹೋಗುತ್ತದೆ, ಆದ್ದರಿಂದ ಇನ್ನೂ ಮೆತ್ತಗಿನ ರಬ್ಬರು ಬಳಸಬಹುದು.

ಈಗ ತಿರುವಿನ ಲೆಕ್ಕ. 50 ಮೀಟರ್ ತ್ರಿಜ್ಯದ ತಿರುವು ಇದೆ ಎನ್ನಿ. ಒಣ ಡಾಂಬರಿನ ಮೇಲೆ ಘರ್ಷಣಾಂಕ 0.8 ಎಂದು ಹಿಡಿದರೆ, ಘರ್ಷಣಾಂಕ, 9.8 ಮತ್ತು ತ್ರಿಜ್ಯ ಈ ಮೂರರ ಗುಣಲಬ್ಧದ ವರ್ಗಮೂಲವೇ ಗರಿಷ್ಠ ವೇಗ. ಉತ್ತರ ಗಂಟೆಗೆ ಸುಮಾರು 71 ಕಿಲೋಮೀಟರ್. ಅದೇ ತಿರುವಿನಲ್ಲಿ ಕಬ್ಬಿನ ಗಾಡಿಗಳಿಂದ ಬಿದ್ದ ರವದಿ, ಮಣ್ಣು ಹರಡಿ ಘರ್ಷಣಾಂಕ 0.4ಕ್ಕೆ ಇಳಿದರೆ ವೇಗದ ಮಿತಿ 50 ಕಿಲೋಮೀಟರ್. ಇಂಜಿನ್ ಎಷ್ಟು ದೊಡ್ಡದೆಂದು ಈ ಲೆಕ್ಕ ಕೇಳುವುದೇ ಇಲ್ಲ!

ಈ ಹಿಡಿತವನ್ನು ಹೆಚ್ಚಿಸಿಕೊಳ್ಳಲು ರೇಸ್ ಕಾರಿಗೆ ರೆಕ್ಕೆ ಕಟ್ಟುತ್ತಾರೆ. ಸಾಂಬ್ರಾ ನಿಲ್ದಾಣದಿಂದ ಏರುವ ವಿಮಾನದ ರೆಕ್ಕೆ ಅದನ್ನು ಮೇಲಕ್ಕೆ ಎತ್ತುತ್ತದೆ. ಅದನ್ನೇ ತಿರುವಿ ಹಾಕಿದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ. ಭಾರ ಹೆಚ್ಚಿಸದೆ ಹಿಡಿತ ಹೆಚ್ಚಿಸುವ ಉಪಾಯವಿದು. ಕಾರನ್ನು ನೆಲಕ್ಕೆ ಹತ್ತಿರ ಮಾಡುವುದು ಇನ್ನೊಂದು ಉಪಾಯ. ಎತ್ತರಕ್ಕೆ ಕಬ್ಬು ಹೇರಿದ ಟ್ರೇಲರ್ ತಿರುವಿನಲ್ಲಿ ಪಲ್ಟಿಯಾಗುವುದನ್ನು ನಾವು ಕಂಡಿದ್ದೇವೆ. ಗುರುತ್ವ ಕೇಂದ್ರ ಮೇಲಿದ್ದರೆ ಹಾಗಾಗುತ್ತದೆ. ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಇಂಜಿನ್ನನ್ನು ಚಾಲಕನ ಬೆನ್ನ ಹಿಂದೆ, ಕಾರಿನ ನಡುಭಾಗದಲ್ಲಿ ಕೂಡ್ರಿಸುತ್ತಾರೆ. ಉದ್ದನೆಯ ಕೋಲಿನ ಎರಡು ತುದಿಗೆ ಕೊಡ ಕಟ್ಟಿಕೊಂಡು ಗರ್ರನೆ ತಿರುಗಿ ನೋಡಿ. ಅದೇ ಕೊಡಗಳನ್ನು ಎದೆಗೆ ಅವಚಿಕೊಂಡು ತಿರುಗಿ ನೋಡಿ. ಭಾರ ನಡುವೆ ಇದ್ದಾಗ ತಿರುಗುವುದು ಎಷ್ಟು ಸುಲಭವೆಂದು ನಿಮಗೇ ತಿಳಿಯುತ್ತದೆ.

ಇನ್ನು ಬ್ರೇಕು. 1500 ಕಿಲೋ ತೂಕದ ಕಾರು 200 ಕಿಲೋಮೀಟರ್ ವೇಗದಿಂದ ನಿಲ್ಲಬೇಕಾದರೆ ಅದರ ಚಲನಶಕ್ತಿಯೆಲ್ಲ ಬಿಸಿಯಾಗಿ ಹೋಗಬೇಕು. ಆ ಬಿಸಿಯಲ್ಲಿ ಏಳು ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಅಷ್ಟು ಶಾಖವನ್ನು ನಾಲ್ಕು ಡಿಸ್ಕುಗಳು ನುಂಗಬೇಕು. ಆದ್ದರಿಂದಲೇ ದುಬಾರಿ ಕಾರುಗಳಲ್ಲಿ ಕಾರ್ಬನ್ ಮತ್ತು ಸೆರಾಮಿಕ್ ಡಿಸ್ಕುಗಳಿವೆ. ಬ್ರೇಕನ್ನು ನಂಬಲಾರದ ಚಾಲಕ ವೇಗವಾಗಿ ಹೋಗಲಾರ. ತಿರುವಿಗೆ ಎಷ್ಟು ಹತ್ತಿರ ಹೋಗಿ ಬ್ರೇಕ್ ಒತ್ತಬಲ್ಲ ಎಂಬುದರ ಮೇಲೆಯೇ ರೇಸು ಗೆಲ್ಲುವುದು ಸೋಲುವುದು ನಿಂತಿದೆ. ಇಲ್ಲಿ ಒಂದು ಮಾತು ನೆನಪಿಡಿ. ಟೈರಿನ ಹಿಡಿತ ದಿನದ ಪಗಾರ ಇದ್ದಂತೆ. ಎಲ್ಲವನ್ನೂ ಬ್ರೇಕಿಗೇ ಖರ್ಚು ಮಾಡಿದರೆ ತಿರುಗಲು ಏನೂ ಉಳಿಯುವುದಿಲ್ಲ. ತಿರುವಿನ ನಡುವೆ ಗಾಬರಿಯಾಗಿ ಬ್ರೇಕ್ ಒತ್ತಿದ ಬೈಕು ಜಾರಿ ಬೀಳುವುದು ಇದರಿಂದಲೇ.

ಹಾಗಾದರೆ ಆನಂದ ಎಲ್ಲಿದೆ? ವಿಮಾನ ಗಂಟೆಗೆ 800 ಕಿಲೋಮೀಟರ್ ಹೋಗುತ್ತಿದ್ದರೂ ಒಳಗಿನವರು ನಿದ್ದೆ ಮಾಡುತ್ತಾರೆ. ನಮ್ಮ ಒಳಕಿವಿಯಲ್ಲಿರುವ ಸಮತೋಲನದ ಅಂಗಕ್ಕೆ ವೇಗ ಗೊತ್ತಾಗುವುದಿಲ್ಲ. ವೇಗ ಮತ್ತು ದಿಕ್ಕು ಬದಲಾಗುವುದು ಮಾತ್ರ ಗೊತ್ತಾಗುತ್ತದೆ. ರೋಮಾಂಚನ ಹುಟ್ಟುವುದು ಆ ಬದಲಾವಣೆಯಲ್ಲಿ. ಜೊತೆಗೆ ಒಳ್ಳೆಯ ಸ್ಪೋರ್ಟ್ಸ್ ಕಾರು ಚಾಲಕನೊಡನೆ ಮಾತನಾಡುತ್ತದೆ. ಹಿಡಿತ ಇನ್ನೂ ಎಷ್ಟಿದೆ, ಯಾವಾಗ ತೀರಲಿದೆ ಎಂಬುದನ್ನು ಸ್ಟೀರಿಂಗಿನ ಭಾರದ ಮೂಲಕ, ಸೀಟಿನ ಕಂಪನದ ಮೂಲಕ ಮೊದಲೇ ತಿಳಿಸುತ್ತದೆ. ಆ ಸುದ್ದಿಯನ್ನು ಓದಲು ಕಲಿತವನಿಗೆ ಮಾತ್ರ ಅದರ ಪೂರ್ಣ ಆನಂದ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊ ನಗರದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸನ್ನು ಗೆದ್ದರು. ಆ ಸರಣಿಯಲ್ಲಿ ಎಲ್ಲರ ಕಾರೂ ಒಂದೇ ಮಾದರಿ, ಎಲ್ಲರ ಇಂಜಿನ್ನೂ ಒಂದೇ. ಇಕ್ಕಟ್ಟಾದ ಬೀದಿಗಳಲ್ಲಿ ಹಾಯುವ ಆ ಟ್ರ್ಯಾಕಿನಲ್ಲಿ ಅವರನ್ನು ಗೆಲ್ಲಿಸಿದ್ದು ಇಂಜಿನ್ನಿನ ಗಾತ್ರವಲ್ಲ. ವಿದ್ಯಾರ್ಥಿನಿಯರೂ ಕೇಳಿ. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಬೈಕ್ ರ‍್ಯಾಲಿಯ ಬಾಹಾ ವಿಶ್ವಕಪ್ಪನ್ನು ಮಹಿಳಾ ವಿಭಾಗದಲ್ಲಿ ಗೆದ್ದರು.

ಇಷ್ಟು ಹೇಳಿದ ಮೇಲೆ ಒಂದು ಕಟುವಾದ ಮಾತು ಹೇಳಲೇಬೇಕು. ಈ ಆನಂದಕ್ಕೆ ಜಾಗ ಟ್ರ್ಯಾಕು. ಚೆನ್ನೈ ಹತ್ತಿರ, ಕೊಯಮತ್ತೂರಿನಲ್ಲಿ ಅಂಥ ಟ್ರ್ಯಾಕುಗಳಿವೆ. ನಮಗೆ ಹತ್ತಿರದ ಕೊಲ್ಹಾಪುರದ ಹುಡುಗರು ಕಾರ್ಟಿಂಗ್ ಕಲಿತು ರಾಷ್ಟ್ರಮಟ್ಟದ ರೇಸುಗಳಿಗೆ ಹೋಗಿದ್ದಾರೆ. ಟ್ರ್ಯಾಕಿನಲ್ಲಿ ಎದುರಿಗೆ ಎತ್ತಿನ ಗಾಡಿ ಬರುವುದಿಲ್ಲ, ಶಾಲೆ ಬಿಟ್ಟ ಮಕ್ಕಳು ಅಡ್ಡ ಬರುವುದಿಲ್ಲ. ನಮ್ಮ ರಸ್ತೆಯಲ್ಲಿ ಎಲ್ಲರೂ ಬರುತ್ತಾರೆ. 50ರ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನ ಮೇಲೆ ಸುಮಾರು 12 ಮೀಟರಿನಲ್ಲಿ ನಿಲ್ಲುವ ವಾಹನಕ್ಕೆ, 100ರ ವೇಗದಲ್ಲಿ 49 ಮೀಟರ್ ಬೇಕು. ಅಪಾಯ ಕಂಡು ಬ್ರೇಕಿನ ಮೇಲೆ ಕಾಲು ಇಡುವ ಒಂದು ಸೆಕೆಂಡಿನಲ್ಲಿ ಮತ್ತೆ 28 ಮೀಟರ್ ಹೋಗಿರುತ್ತದೆ. ಒಟ್ಟು 77 ಮೀಟರ್. ಪಾಲಕರೂ ತಿಳಿಯಬೇಕು. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ಮಗ ವಾಹನ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ದಂಡ ಕಟ್ಟಿ ಬರಬಹುದು, ಆದರೆ ಮಗನನ್ನು ಕಳೆದುಕೊಂಡ ಮನೆಗೆ ಯಾವ ಕಾನೂನೂ ಏನೂ ಮರಳಿ ಕೊಡುವುದಿಲ್ಲ.

ಕೊನೆಯದಾಗಿ ಸಂಸ್ಥೆಯ ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ಅನೇಕ ಹುಡುಗರು ಏಳನೆಯ, ಹತ್ತನೆಯ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರುತ್ತಾರೆ. ಅವರ ಕೈಯಲ್ಲಿ ವಿದ್ಯೆ ಇಲ್ಲವೆಂದು ಹೇಳಬೇಡಿ. ಇಂಜಿನ್ನಿನ ಶಬ್ದ ಕೇಳಿಯೇ ಟ್ಯಾಪೆಟ್ ಸಡಿಲವಾಗಿದೆ ಎಂದು ಹೇಳಬಲ್ಲ ಹುಡುಗರಿದ್ದಾರೆ. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಬೈಕುಗಳಲ್ಲಿಯೂ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಈಗ ದೋಷ ಹುಡುಕಬೇಕಾದರೆ ಸ್ಕ್ಯಾನರ್ ಹಚ್ಚಿ ಅದರ ಕೋಡ್ ಓದಬೇಕು. ಬ್ಯಾಟರಿ ವಾಹನಗಳು ಬರುತ್ತಿವೆ. ಕಿವಿ ಮತ್ತು ಸ್ಪ್ಯಾನರ್ ಎರಡನ್ನೇ ನಂಬಿದ ಹುಡುಗನ ಕೈಯಿಂದ ಕೆಲಸ ಜಾರಿ ಹೋಗುತ್ತಿದೆ. ಅವನಿಗೆ ಐಟಿಐ ಅಥವಾ ಡಿಪ್ಲೊಮಾ ಓದಲು ನೆರವಾದರೆ ಅವನ ಕೈಗೆ ಲೆಕ್ಕ ಸೇರುತ್ತದೆ. ಹಾಗೆಯೇ ವಿಜ್ಞಾನ ಓದುವ ನಮ್ಮ ಮಕ್ಕಳನ್ನು ರಜೆಯಲ್ಲಿ ಗ್ಯಾರೇಜಿಗೆ ಕಳಿಸಿದರೆ ಅವರ ಲೆಕ್ಕಕ್ಕೆ ಕೈ ಸೇರುತ್ತದೆ.

ಇದು ಆಗದ ಮಾತಲ್ಲ. ನಾನು ಎರಡು ಬಾರಿ ಹೆಸರಿಸಿದ ಗಾರ್ಡನ್ ಮರ್ರಿ ದಕ್ಷಿಣ ಆಫ್ರಿಕಾದ ಡರ್ಬನ್ ಊರಿನವರು. ಅಲ್ಲಿಯ ಟೆಕ್ನಿಕಲ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವರು. ತಮ್ಮ ಮೊದಲ ರೇಸ್ ಕಾರನ್ನು ತಾವೇ ಕಟ್ಟಿ ಓಡಿಸಿದವರು. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಲ್ಲಿ ಅಶ್ವ ರೇಸಿಂಗ್ ಎಂಬ ತಂಡ ಕಟ್ಟಿ, ತಾವೇ ರೂಪಿಸಿದ ರೇಸ್ ಕಾರುಗಳನ್ನು ವಿದೇಶದ ಸ್ಪರ್ಧೆಗಳಿಗೂ ಒಯ್ದಿದ್ದಾರೆ. ನಮ್ಮ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ವಾಹನಗಳ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಾರೆ. ಹತ್ತರಗಿಯ ಕಾರ್ಖಾನೆಗಳಲ್ಲಿ ವಿಮಾನದ ಭಾಗಗಳು ತಯಾರಾಗುತ್ತವೆ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಒಪ್ಪದ ಆ ಕೆಲಸಕ್ಕೆ ಓದಿದ ಕೈಗಳು ಬೇಕಾಗಿವೆ. ರಾಯಬಾಗದಿಂದ ಅಲ್ಲಿಗೆ ಬಹಳ ದೂರವಿಲ್ಲ.

ಪ್ರೀತಿಯ ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ಆ ಕಾರಿನ ಚಿತ್ರವನ್ನು ಮತ್ತೊಮ್ಮೆ ನೋಡಿ. ಈ ಬಾರಿ ಅದರ ಟೈರಿನ ಅಗಲ ನೋಡಿ, ರೆಕ್ಕೆಯ ಓರೆ ನೋಡಿ, ಗಾಲಿಯೊಳಗಿನ ಡಿಸ್ಕ್ ನೋಡಿ. ಅವು ಏಕೆ ಹಾಗಿವೆ ಎಂದು ನಿಮ್ಮ ತಮ್ಮನಿಗೆ, ತಂಗಿಗೆ ವಿವರಿಸಿ ಹೇಳಿ. ಅದನ್ನು ಹೇಳಬಲ್ಲಿರಾದರೆ, ಕೊಳ್ಳದೆಯೂ ಆ ಕಾರಿನ ಬಹುಪಾಲು ನಿಮ್ಮದಾದಂತೆ.